ಕಾರು ಒಂದೇ ಬದಿಗೆ ಎಳೆಯುತ್ತಿದೆಯೇ?



ಕಳೆದ ಮಳೆಗಾಲದಲ್ಲಿ ನಮ್ಮ ಕಾರು ಎರಡು ತಿಂಗಳಿಗೂ ಹೆಚ್ಚು ಕಾಲ ಅಂಗಳದಲ್ಲೇ ನಿಂತಿತ್ತು. ಮನೆಯವರು ಗಲ್ಫಿನಲ್ಲಿರುವುದರಿಂದ ಅದನ್ನು ಓಡಿಸುವವಳು ನಾನೊಬ್ಬಳೇ. ಮಳೆ ನಿಂತ ಬಳಿಕ ಹೊರತೆಗೆದಾಗ ಅದು ಮೆಲ್ಲಗೆ ಎಡಕ್ಕೆ ಎಳೆಯತೊಡಗಿತು. ಸ್ಟೀರಿಂಗನ್ನು ಕೊಂಚ ಬಲಕ್ಕೆ ಹಿಡಿದುಕೊಂಡರೆ ನೇರವಾಗಿ ಹೋಗುತ್ತಿತ್ತು. ಹಾಗೆ ಹಿಡಿದು ಓಡಿಸುವುದೇ ಅಭ್ಯಾಸವಾಯಿತು. ಭಾವನಿಗೆ ಹೇಳಿದಾಗ, “ಅಲೈನ್‌ಮೆಂಟ್ ಹೋಗಿರಬೇಕು, ಮಾಡಿಸಿಕೊಂಡು ಬಾ” ಎಂದರು. ಮಾಡಿಸಿದೆ. ಎಳೆತ ಹೋಗಲಿಲ್ಲ. ವಾರ ಬಿಟ್ಟು ಮತ್ತೊಮ್ಮೆ ಹಣ ಕೊಟ್ಟು ಮಾಡಿಸಿದೆ. ಆಗಲೂ ಹೋಗಲಿಲ್ಲ. “ರಸ್ತೆ ಸರಿಯಿಲ್ಲ ಮೇಡಂ, ಕಾರಿಗೇನೂ ಆಗಿಲ್ಲ” ಎಂದ ಅಲ್ಲಿನ ಹುಡುಗ. ನಾನೂ ನಂಬಿದೆ.

ಆ ಮೇಲೆ ಮೂಡಿಗೆರೆಯಲ್ಲಿ ಸಂಬಂಧಿಕರ ಮದುವೆ ಮುಗಿಸಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಇಬ್ಬರು ಮಕ್ಕಳು. ಅರ್ಧ ದಾರಿಯಲ್ಲಿ ಏನೋ ಸುಟ್ಟ ವಾಸನೆ ಬಂತು. ಬ್ರೇಕ್ ಒತ್ತಿದರೆ ಎಂದಿನಂತೆ ಹಿಡಿಯುತ್ತಿಲ್ಲ. ಎದೆ ಧಸಕ್ಕೆಂದಿತು. ಗೇರ್ ಇಳಿಸಿ, ಅಗಲವಾದ ಜಾಗ ನೋಡಿ ಹೇಗೋ ನಿಲ್ಲಿಸಿದೆ. ಮುಂದಿನ ಎಡಗಡೆಯ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಕೆಳಗಿನ ಪೇಟೆಯಿಂದ ಬಂದ ವಯಸ್ಸಾದ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದರು. ಬ್ರೇಕಿನ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳಿಗೆ ತುಕ್ಕು ಹಿಡಿದಿತ್ತು. ನಾನು ಬ್ರೇಕಿನಿಂದ ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇತ್ತು. “ಮಗಳೇ, ಇಷ್ಟು ದಿನ ಕಾರು ಎಳೆದು ಎಳೆದು ಹೇಳುತ್ತಿದ್ದದ್ದು ಇದನ್ನೇ” ಎಂದರು ಅವರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ಇಂದು ನಮ್ಮಲ್ಲಿ ಎಷ್ಟೋ ಸಹೋದರಿಯರು ಮಕ್ಕಳನ್ನು ಶಾಲೆಗೆ ಬಿಡಲು, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಸ್ವತಃ ಕಾರು ಓಡಿಸುತ್ತಾರೆ. ಓಡಿಸಲು ಕಲಿತ ನಾವು ಅದರ ದೂರು ಕೇಳಲು ಕಲಿತಿಲ್ಲ. ಕಾರು ಒಂದು ಬದಿಗೆ ಎಳೆದರೆ ಕೈಯಿಂದ ತಿದ್ದಿಕೊಂಡು ಓಡಿಸಬೇಡಿ, ಕಾರಣ ಹುಡುಕಿಸಿ. ಅದಕ್ಕೊಂದು ಕ್ರಮವಿದೆ.

ಮೊದಲು ರಸ್ತೆಯನ್ನು ನೋಡಿ. ಮಳೆನೀರು ಹರಿದು ಹೋಗಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಾವು ಎಡಗಡೆಯಲ್ಲಿ ಓಡಿಸುವುದರಿಂದ ಕಾರು ಎಡಕ್ಕೆ ತುಸು ವಾಲುವುದು ಸಹಜ. ಆದ್ದರಿಂದ ಜನ, ವಾಹನ ಇಲ್ಲದ ಸಮತಟ್ಟಾದ ಜಾಗದಲ್ಲಿ 30-40 ಕಿ.ಮೀ. ವೇಗದಲ್ಲಿ ಓಡಿಸಿ, ಸ್ಟೀರಿಂಗನ್ನು ಬಿಡದೆ ಹಿಡಿತವನ್ನು ಮಾತ್ರ ಸಡಿಲಿಸಿ ನೋಡಿ. ಅಲ್ಲಿಯೂ ಎಳೆದರೆ ದೋಷ ಕಾರಿನದ್ದೇ.

ಎರಡನೆಯದು ಗಾಳಿ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಾದರೆ ಕಾರು ಅದೇ ಬದಿಗೆ ಎಳೆಯುತ್ತದೆ. ಎಷ್ಟು ಗಾಳಿ ಬೇಕೆಂದು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಟೈರ್ ತಣ್ಣಗಿರುವಾಗಲೇ, ಅಂದರೆ ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಹತ್ತಿರದ ಬಂಕಿನಲ್ಲಿ ನೋಡಿಸಿ. ಸ್ಟೆಪ್ನಿಯನ್ನೂ ಮರೆಯಬೇಡಿ. ತುಂಬಿಸಿದ ಎರಡೇ ದಿನದಲ್ಲಿ ಮತ್ತೆ ಕಡಿಮೆಯಾದರೆ ಸಣ್ಣ ಪಂಕ್ಚರ್ ಇರಬಹುದು.

ಮೂರನೆಯದು ಟೈರ್. ಕೆಲವೊಮ್ಮೆ ಟೈರಿನ ಒಳಗಿನ ರಚನೆಯಲ್ಲೇ ದೋಷವಿದ್ದು, ಗಾಳಿ ಸರಿಯಿದ್ದರೂ ಕಾರು ಎಳೆಯುತ್ತದೆ. ಇದನ್ನು ತಿಳಿಯುವುದು ಸುಲಭ. ಪಂಕ್ಚರ್ ಅಂಗಡಿಯಲ್ಲಿ ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿ ಹಾಕಿಸಿ. ಎಡಕ್ಕೆ ಎಳೆಯುತ್ತಿದ್ದ ಕಾರು ಈಗ ಬಲಕ್ಕೆ ಎಳೆದರೆ ತಪ್ಪು ಟೈರಿನದ್ದು. ಆದರೆ ಟೈರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಹೀಗೆ ಬದಲಿಸಬಾರದು. ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರ್ ಅವುಗಳ ಮಟ್ಟಕ್ಕೆ ಸವೆದರೆ ಉಳಿದದ್ದು 1.6 ಮಿ.ಮೀ. ಮಾತ್ರ. ಅದನ್ನು ಬದಲಿಸಲೇಬೇಕು.

ನಾಲ್ಕನೆಯದು ಬ್ರೇಕ್. ನಾನು ನೋಡದೆ ಬಿಟ್ಟದ್ದು ಇದನ್ನೇ. ಬ್ರೇಕ್ ಒತ್ತದಿರುವಾಗಲೂ ಎಳೆದು, ಓಡಿಸಿದಷ್ಟೂ ಎಳೆತ ಹೆಚ್ಚಾದರೆ ಆ ಬದಿಯ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆಯಿದೆ. ಎಂಟು ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಮುಂದಿನ ಎರಡು ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಮಾತ್ರ ಹೆಚ್ಚು ಬಿಸಿಯಿದ್ದರೆ ಅಲ್ಲೇ ದೋಷವಿದೆ. ಪೆಟ್ರೋಲ್ ಹೆಚ್ಚು ಕುಡಿಯುವುದು, ಗೇರ್ ತೆಗೆದರೂ ಕಾರು ಸಲೀಸಾಗಿ ಉರುಳದಿರುವುದು ಕೂಡ ಇದರ ಲಕ್ಷಣಗಳೇ.

ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ವಿಷಯ ಬೇರೆ. ಆಗ ಕಾರು ಹೆಚ್ಚು ಹಿಡಿಯುವ ಬ್ರೇಕಿನ ಕಡೆಗೆ ಹೋಗುತ್ತದೆ. ಎಡಕ್ಕೆ ಎಳೆದರೆ ಬಲಗಡೆಯ ಬ್ರೇಕ್ ಸರಿಯಾಗಿ ಹಿಡಿಯದಿರಬಹುದು. ಆದ್ದರಿಂದ ಎರಡೂ ಬದಿಗಳನ್ನು ಬಿಚ್ಚಿ ನೋಡಲು ಹೇಳಿ. ಪ್ಯಾಡ್ ಬದಲಿಸುವುದಾದರೆ ಎರಡೂ ಬದಿಗೆ ಒಟ್ಟಿಗೆ ಬದಲಿಸಿ. ಬಿಸಿಯಾದ ಬ್ರೇಕಿಗೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ತಾನಾಗಿ ತಣಿಯಲು ಬಿಡಿ.

ಇಷ್ಟೆಲ್ಲ ಸರಿಯಿದ್ದ ಮೇಲೆಯೇ ಅಲೈನ್‌ಮೆಂಟ್. ದೊಡ್ಡ ಹೊಂಡಕ್ಕೆ ಬಿದ್ದ ಮೇಲೆ ಅಥವಾ ಕಲ್ಲಿನ ಅಂಚಿಗೆ ಬಡಿದ ಮೇಲೆ ಎಳೆತ ಶುರುವಾಗಿದ್ದರೆ, ಟೈರಿನ ಒಂದು ಅಂಚು ಮಾತ್ರ ಸವೆದಿದ್ದರೆ, ಕಾರು ನೇರ ಹೋಗುವಾಗ ಸ್ಟೀರಿಂಗ್ ಓರೆಯಾಗಿದ್ದರೆ ಇದನ್ನು ಸಂಶಯಿಸಬೇಕು. ವೇಗದಲ್ಲಿ ಸ್ಟೀರಿಂಗ್ ನಡುಗುವುದು ಇದಲ್ಲ. ಅದಕ್ಕೆ ಸಾಮಾನ್ಯವಾಗಿ ಬೇಕಾದದ್ದು ಬ್ಯಾಲೆನ್ಸಿಂಗ್.

ಅಲೈನ್‌ಮೆಂಟ್ ಮಾಡಿಸುವಾಗ, ಮಾಡುವ ಮೊದಲಿನ ಮತ್ತು ನಂತರದ ಅಳತೆಗಳ ಕಾಗದವನ್ನು ಕೇಳಿ ಪಡೆಯಿರಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಯಂತ್ರದಿಂದ ನೋಡಿ ತಿದ್ದಲು ಆಗುವುದು ಮುಂದಿನ ಚಕ್ರಗಳ ‘ಟೋ’ ಮಾತ್ರ. ‘ಕ್ಯಾಂಬರ್’, ‘ಕ್ಯಾಸ್ಟರ್’ ಎಂಬ ಉಳಿದ ಅಳತೆಗಳು ಎಡಕ್ಕೊಂದು ಬಲಕ್ಕೊಂದು ಇದ್ದರೆ ಏನೋ ಬಾಗಿದೆ ಅಥವಾ ಸವೆದಿದೆ ಎಂದರ್ಥ. ಲೋವರ್ ಆರ್ಮ್, ಅದರ ಬುಶ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಇವುಗಳನ್ನು ನೋಡಿಸದೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹಣ ದಂಡ.

ಓಡುತ್ತಿರುವಾಗ ಕಾರು ಒಮ್ಮೆಲೇ ಒಂದು ಬದಿಗೆ ಎಳೆದರೆ ಟೈರಿನ ಗಾಳಿ ಹೋಗಿರಬಹುದು. ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಸ್ಟೀರಿಂಗನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ಇಳಿದ ಮೇಲೆ ಎಡಬದಿಗೆ ನಿಲ್ಲಿಸಿ.

ನಾವೇ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ವೈದ್ಯರ ಬಳಿ ಮಗುವಿಗೆ ಜ್ವರ ಯಾವಾಗ ಬಂತು, ಎಷ್ಟು ದಿನವಾಯಿತು ಎಂದು ಹೇಳುವುದಿಲ್ಲವೇ? ಗ್ಯಾರೇಜಿನಲ್ಲಿಯೂ ಹಾಗೆಯೇ ಹೇಳಿ. ಯಾವ ಬದಿಗೆ ಎಳೆಯುತ್ತದೆ, ಯಾವಾಗಲೂ ಎಳೆಯುತ್ತದೆಯೇ ಅಥವಾ ಬ್ರೇಕ್ ಒತ್ತಿದಾಗ ಮಾತ್ರವೇ, ಯಾವಾಗಿನಿಂದ ಶುರುವಾಯಿತು – ಈ ಮೂರು ಮಾತು ಹೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ಏನೂ ತಿಳಿಯದವಳೆಂದು ಮೇಡಂಗೆ ಏನೋ ಒಂದು ಹೇಳಿ ಕಳಿಸುವುದೂ ಆಗ ಸುಲಭವಲ್ಲ.

ಪಿನ್ನುಗಳ ತುಕ್ಕು ತೆಗೆದು, ಗ್ರೀಸ್ ಹಾಕಿ, ಹೊಸ ಪ್ಯಾಡ್ ಕೂರಿಸಿದ ಮೇಲೆ ನಮ್ಮ ಕಾರು ನೇರವಾಗಿ ಓಡುತ್ತಿದೆ. ಈಗ ಓಡಿಸುವ ಅಗತ್ಯವಿಲ್ಲದಿದ್ದರೂ ವಾರಕ್ಕೊಮ್ಮೆ ಹೊರತೆಗೆದು ನಾಲ್ಕೈದು ಕಿ.ಮೀ. ಸುತ್ತಿಸಿ ಬರುತ್ತೇನೆ. ಗೇಟು ದಾಟಿ ಸಮತಟ್ಟಾದ ಜಾಗ ಸಿಕ್ಕಿದಾಗ ಸ್ಟೀರಿಂಗಿನ ಹಿಡಿತವನ್ನು ಒಮ್ಮೆ ಸಡಿಲಿಸಿ ನೋಡುವುದನ್ನು ಮರೆಯುವುದಿಲ್ಲ. ನಾಳೆ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಳ್ಳುವ ಮೊದಲು ನೀವೂ ಒಮ್ಮೆ ನಿಮ್ಮ ಕಾರಿನ ಮಾತು ಕೇಳಿ.