ಗೆಲುವು ಯಾರ ಖಾತೆಗೆ?

1973ರಲ್ಲಿ ಮಿನ್ನೆಸೋಟ ಟ್ವಿನ್ಸ್ ತಂಡದ ಪಿಚರ್ ಬರ್ಟ್ ಬ್ಲೈಲೆವನ್ 325 ಇನಿಂಗ್ಸ್‌ಗಳಲ್ಲಿ ಚೆಂಡೆಸೆದರು. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ನುಗಳನ್ನು ಕಳೆದರೆ, ಒಂಬತ್ತು ಇನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟದ್ದು ಸರಾಸರಿ 2.52 ರನ್. ಬೇಸ್‌ಬಾಲ್‌ನಲ್ಲಿ ಇಆರ್‌ಎ ಎನ್ನುವುದು ಇದನ್ನೇ. ಆ ವರ್ಷ ಅವರ ಹೆಸರಿಗೆ 20 ಗೆಲುವು, 17 ಸೋಲು ಜಮೆಯಾದವು. 1992ರಲ್ಲಿ ಟೊರಾಂಟೊ ಬ್ಲೂ ಜೇಸ್ ತಂಡದಲ್ಲಿದ್ದ ಜ್ಯಾಕ್ ಮಾರಿಸ್ ಅವರ ಇಆರ್‌ಎ 4.04. ಅಂದರೆ ಒಂಬತ್ತು ಇನಿಂಗ್ಸ್‌ಗೆ ಬ್ಲೈಲೆವನ್‌ಗಿಂತ ಒಂದೂವರೆ ರನ್ ಹೆಚ್ಚು. ಅವರ ಹೆಸರಿಗೆ ಬಂದದ್ದು 21 ಗೆಲುವು, ಬರೀ 6 ಸೋಲು. ಟ್ವಿನ್ಸ್ 1973ರ ಋತುವಿನಲ್ಲಿ 81 ಪಂದ್ಯ ಗೆದ್ದು 81 ಸೋತ ಸಾಧಾರಣ ತಂಡ. ಬ್ಲೂ ಜೇಸ್ 1992ರ ವರ್ಲ್ಡ್ ಸೀರೀಸ್ ಚಾಂಪಿಯನ್. ಪಿಚರ್ ಒಬ್ಬನ ವೃತ್ತಿಜೀವನವನ್ನು ಗೆಲುವಿನ ಸಂಖ್ಯೆಯಿಂದ ಅಳೆಯಬಾರದು ಎಂಬ ವಾದಕ್ಕೆ ಈ ಎರಡು ವರ್ಷಗಳೇ ಸಾಕಿತ್ತು. ಆದರೂ ಅಮೆರಿಕದ ಕ್ರೀಡಾ ಪತ್ರಕರ್ತರಿಗೆ ಅದು ಮನವರಿಕೆಯಾಗಲು ದಶಕಗಳೇ ಬೇಕಾದವು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಗೆಲುವಿನ ಲೆಕ್ಕವೇ ವಿಚಿತ್ರವಾಗಿ ಕಾಣುತ್ತದೆ. 1971ರ ಓವಲ್ ಟೆಸ್ಟ್‌ನಲ್ಲಿ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಭಾರತಕ್ಕೆ ಇಂಗ್ಲೆಂಡ್ ನೆಲದಲ್ಲಿ ಮೊದಲ ಜಯ ತಂದರು. ಆದರೆ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಮುಂದಿರುವುದು ವಿಕೆಟ್‌ಗಳು, ಗೆಲುವು ತಂಡದ್ದು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಆಟ ಆರಂಭಿಸಿದ ಪಿಚರ್ ಕನಿಷ್ಠ ಐದು ಇನಿಂಗ್ಸ್ ಎಸೆದು, ತನ್ನ ತಂಡ ಮುಂದಿರುವಾಗ ಹೊರನಡೆದು, ಆ ಮುನ್ನಡೆ ಕೊನೆಯವರೆಗೂ ಉಳಿದರೆ ಗೆಲುವು ಅವನ ವೈಯಕ್ತಿಕ ಖಾತೆಗೆ ಹೋಗುತ್ತದೆ. ಅವನ ತಂಡದವರು ಎಷ್ಟು ರನ್ ಹೊಡೆದರು, ಅವನ ನಂತರ ಬಂದ ಪಿಚರ್ ಮುನ್ನಡೆಯನ್ನು ಕಾಪಾಡಿದನೇ ಎಂಬುದೆಲ್ಲ ಅವನ ಕೈಯಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬನೇ ಪಿಚರ್ ಆಟ ಆರಂಭಿಸಿ ತಾನೇ ಮುಗಿಸುತ್ತಿದ್ದಾಗ ಈ ಲೆಕ್ಕಕ್ಕೆ ಒಂದಿಷ್ಟು ಅರ್ಥವಿತ್ತು. ಆಟ ಬದಲಾದ ಮೇಲೂ ಅಳತೆಗೋಲು ಮಾತ್ರ ಹಾಗೆಯೇ ಉಳಿಯಿತು.

ಅದರ ಬೆಲೆಯನ್ನು ಹೆಚ್ಚು ತೆತ್ತವರು ಬ್ಲೈಲೆವನ್. ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿದ ಈ ಕರ್ವ್‌ಬಾಲ್ ನಿಪುಣ 1970ರಿಂದ 1992ರವರೆಗೆ 4970 ಇನಿಂಗ್ಸ್ ಎಸೆದು, 3701 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮತ್ತು 60 ಶಟೌಟ್ (ಒಂದೂ ರನ್ ಕೊಡದೆ ತಾನೇ ಮುಗಿಸಿದ ಪಂದ್ಯ) ಗಳಿಸಿದರು. ನಿವೃತ್ತರಾದಾಗ ಸ್ಟ್ರೈಕ್‌ಔಟ್‌ನಲ್ಲಿ ಅವರಿಗಿಂತ ಮುಂದಿದ್ದವರು ನೋಲನ್ ರಯಾನ್ ಮತ್ತು ಸ್ಟೀವ್ ಕಾರ್ಲ್‌ಟನ್ ಇಬ್ಬರೇ. ಆದರೆ ಗೆಲುವು 287, ಸೋಲು 250. ಮುನ್ನೂರರ ಗಡಿ ದಾಟಿಲ್ಲ, ಸೋಲೂ ಬಹಳ, ಇಪ್ಪತ್ತು ಗೆಲುವಿನ ಋತು ಒಂದೇ ಒಂದು ಎಂಬ ಕಾರಣಗಳನ್ನು ಮುಂದಿಟ್ಟು ಮತದಾರ ಪತ್ರಕರ್ತರು ಅವರನ್ನು ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಿಂದ ದೂರವಿಟ್ಟರು. ಆಯ್ಕೆಗೆ ಶೇ 75 ಮತ ಬೇಕು. 1998ರಲ್ಲಿ ಮೊದಲ ಬಾರಿಗೆ ಅವರ ಹೆಸರು ಬಂದಾಗ ಸಿಕ್ಕಿದ್ದು ಶೇ 17.5, ಮರುವರ್ಷ ಶೇ 14.1. ಮಾರಿಸ್ ಚಿತ್ರ ಇದಕ್ಕೆ ತದ್ವಿರುದ್ಧ. 254 ಗೆಲುವು, 186 ಸೋಲು. ಎಂಬತ್ತರ ದಶಕದಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 162 ಗೆಲುವು. ಮೂರು ಬೇರೆ ಬೇರೆ ತಂಡಗಳ ಪರ ಆಡಿ ವರ್ಲ್ಡ್ ಸೀರೀಸ್ ಪ್ರಶಸ್ತಿ. ದೊಡ್ಡ ಪಿಚರ್ ಎಂದರೆ ಹೀಗಿರಬೇಕು ಎಂಬ ಮಾದರಿಯೇ ಅವರಾದರು.

ಹೊಸ ಅಂಕಿಅಂಶಗಳು ಈ ಚಿತ್ರವನ್ನು ಬಿಡಿಸಿ ನೋಡಿದ್ದು ಸರಳ ಪ್ರಶ್ನೆಯೊಂದರ ಮೂಲಕ: ಪಿಚರ್ ಕೈಯಲ್ಲಿರುವುದು ಏನೇನು? ಬ್ಯಾಟರ್‌ನನ್ನು ಸ್ಟ್ರೈಕ್‌ಔಟ್ ಮಾಡುವುದು, ಗುರಿತಪ್ಪಿದ ಎಸೆತಗಳಿಂದ ಅವನಿಗೆ ಪುಕ್ಕಟೆ ವಾಕ್ ಕೊಡದಿರುವುದು, ಹೋಮ್‌ರನ್ ಬಿಟ್ಟುಕೊಡದಿರುವುದು. ಇವು ಮೂರರಲ್ಲೂ ಫೀಲ್ಡರ್‌ಗಳಿಗೆ ಹೆಚ್ಚು ಪಾತ್ರವಿಲ್ಲ. ಮೈದಾನದೊಳಗೆ ಬಿದ್ದ ಚೆಂಡು ಔಟ್ ಆಗುತ್ತದೋ ಹಿಟ್ ಆಗುತ್ತದೋ ಎಂಬುದರ ಮೇಲೆ ಪಿಚರ್‌ನ ಹಿಡಿತ ನಾವೆಣಿಸಿದ್ದಕ್ಕಿಂತ ಬಹಳ ಕಡಿಮೆ ಎಂದು 2001ರಲ್ಲಿ ವಿಶ್ಲೇಷಕ ವೋರೊಸ್ ಮೆಕ್‌ಕ್ರಾಕೆನ್ ಬರೆದಾಗ ಬೇಸ್‌ಬಾಲ್ ಲೋಕ ಬೆಚ್ಚಿಬಿದ್ದಿತ್ತು. ನಂತರದ ಅಧ್ಯಯನಗಳು ಆ ಮಾತನ್ನು ಒಂದಿಷ್ಟು ತಿದ್ದಿದವು, ತಿರಸ್ಕರಿಸಲಿಲ್ಲ. ಎಫ್‌ಐಪಿ ಎಂಬ ಅಳತೆ ಹುಟ್ಟಿದ್ದು ಆ ಯೋಚನೆಯಿಂದಲೇ. ಈ ದೃಷ್ಟಿಯಿಂದ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ. ಮಾರಿಸ್ 3824 ಇನಿಂಗ್ಸ್‌ಗಳಲ್ಲಿ 2478 ಸ್ಟ್ರೈಕ್‌ಔಟ್ ಪಡೆದು 1390 ವಾಕ್ ಕೊಟ್ಟರು. ಬ್ಲೈಲೆವನ್ ಅವರಿಗಿಂತ ಸಾವಿರಕ್ಕೂ ಹೆಚ್ಚು ಇನಿಂಗ್ಸ್ ಎಸೆದೂ ಕೊಟ್ಟ ವಾಕ್ 1322 ಮಾತ್ರ. ಒಂದು ವಾಕ್‌ಗೆ ಮಾರಿಸ್ 1.8ರಷ್ಟು ಸ್ಟ್ರೈಕ್‌ಔಟ್ ಪಡೆದರೆ ಬ್ಲೈಲೆವನ್ ಪಡೆದದ್ದು 2.8. 1986ರಲ್ಲಿ 50 ಹೋಮ್‌ರನ್ ಬಿಟ್ಟುಕೊಟ್ಟ ಅಪಖ್ಯಾತಿಯ ದಾಖಲೆ ಬ್ಲೈಲೆವನ್‌ರದು, ನಿಜ. ಆದರೆ ಇಡೀ ವೃತ್ತಿಜೀವನದಲ್ಲಿ ಒಂಬತ್ತು ಇನಿಂಗ್ಸ್‌ಗೆ ಹೆಚ್ಚು ಹೋಮ್‌ರನ್ ಬಿಟ್ಟುಕೊಟ್ಟವರು ಮಾರಿಸ್. ಮೂರೂ ವಿಷಯಗಳಲ್ಲಿ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಳೆಯದು, ಗಟ್ಟಿಯೂ ಹೌದು. ಆಟ ಆಡುವುದು ಗೆಲ್ಲುವುದಕ್ಕೆ. ತಂಡ ಐದು ರನ್ ಮುಂದಿರುವಾಗ ಜಾಣ ಪಿಚರ್ ಒಂದೆರಡು ರನ್ ಹೋಗಲಿ ಎಂದು ನೇರವಾಗಿ ಎಸೆದು ಬೇಗ ಮುಗಿಸುತ್ತಾನೆ, ಪಂದ್ಯ ಬಿಗಿಯಾದಾಗ ಮಾತ್ರ ಬಿಗಿ ಹಿಡಿಯುತ್ತಾನೆ. ಮಾರಿಸ್ ಅವರ 3.90 ಇಆರ್‌ಎ ಆ ಜಾಣತನದ ಗುರುತು ಎಂಬ ವಾದ. ಕೇಳಲು ಚೆನ್ನಾಗಿದೆ. ಆದರೆ ಇದು ಪರೀಕ್ಷಿಸಬಹುದಾದ ಮಾತು, ಪರೀಕ್ಷೆಯೂ ನಡೆದಿದೆ. ಮಾರಿಸ್ ಆಡಿದ ಪಂದ್ಯಗಳನ್ನು ಇನಿಂಗ್ಸ್ ಇನಿಂಗ್ಸ್ ಆಗಿ ಜಾಲಾಡಿದ ಬರಹಗಾರ ಜೋ ಶೀಹನ್‌ಗೆ ಅಂಥ ಜಾಣತನದ ಸುಳಿವು ಸಿಗಲಿಲ್ಲ. ಗೆಲುವು ಹೆಚ್ಚಾದದ್ದಕ್ಕೆ ಸಾದಾ ಕಾರಣವೊಂದಿತ್ತು: ಅವರು ಆಡಿದ ತಂಡಗಳು ಧಾರಾಳವಾಗಿ ರನ್ ಹೊಡೆಯುತ್ತಿದ್ದವು, ಡೆಟ್ರಾಯಿಟ್‌ನಲ್ಲಿ ಅವರ ಬೆನ್ನಿಗೆ ಅಲನ್ ಟ್ರಾಮೆಲ್ ಮತ್ತು ಲೂ ವಿಟಕರ್ ಅವರಂಥ ಫೀಲ್ಡರ್‌ಗಳಿದ್ದರು.

ಎರಡನೆಯ ಆಕ್ಷೇಪ ದೊಡ್ಡ ಪಂದ್ಯದ್ದು. 1991ರ ವರ್ಲ್ಡ್ ಸೀರೀಸ್‌ನ ಏಳನೆಯ ಹಾಗೂ ಕೊನೆಯ ಪಂದ್ಯದಲ್ಲಿ, ಆಗ ಟ್ವಿನ್ಸ್ ತಂಡದಲ್ಲಿದ್ದ ಮಾರಿಸ್ ಅಟ್ಲಾಂಟ ಬ್ರೇವ್ಸ್ ವಿರುದ್ಧ ಹತ್ತು ಇನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ. ಟ್ವಿನ್ಸ್ 1–0ಯಿಂದ ಗೆದ್ದಿತು. ಬೇಸ್‌ಬಾಲ್ ಇತಿಹಾಸದ ಅಪೂರ್ವ ರಾತ್ರಿಗಳಲ್ಲಿ ಅದೊಂದು. ಯಾವ ಅಂಕಿಯೂ ಅದರ ತೂಕ ಇಳಿಸಲಾರದು. ಆದರೆ ಅದೇ ರಾತ್ರಿ ಎದುರಾಳಿ ಪಿಚರ್ ಜಾನ್ ಸ್ಮೋಲ್ಟ್ಸ್ ಕೂಡ ಎಂಟನೆಯ ಇನಿಂಗ್ಸ್‌ನಲ್ಲಿ ಹೊರನಡೆಯುವವರೆಗೆ ಒಂದೂ ರನ್ ಕೊಟ್ಟಿರಲಿಲ್ಲ. ಗೆಲುವಿನ ಲೆಕ್ಕದಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ. ಹತ್ತನೆಯ ಇನಿಂಗ್ಸ್‌ನಲ್ಲಿ ಟ್ವಿನ್ಸ್‌ನ ಜೀನ್ ಲಾರ್ಕಿನ್ ಹೊಡೆದು ಗೆಲುವಿನ ರನ್ ತಂದ ಚೆಂಡು ಫೀಲ್ಡರ್ ಕೈಸೇರಿದ್ದರೆ ಮಾರಿಸ್ ಖಾತೆಗೂ ಆ ಗೆಲುವು ಬರುವುದು ಖಚಿತವಿರಲಿಲ್ಲ, ಅವರ ಎಸೆತಗಳು ಮಾತ್ರ ಅವೇ ಆಗಿರುತ್ತಿದ್ದವು. ಇನ್ನು ಒಂದು ರಾತ್ರಿಯನ್ನು ಇಡೀ ಸ್ವಭಾವವೆಂದು ಓದುವುದೂ ತಪ್ಪು. ಮರುವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಮಾರಿಸ್ ಆಡಿದ ಎರಡೂ ಪಂದ್ಯ ಸೋತರು. ಋತುವಿನ ನಂತರದ ನಿರ್ಣಾಯಕ ಪಂದ್ಯಗಳಲ್ಲಿ ಅವರ ಒಟ್ಟು ಇಆರ್‌ಎ 3.80, ಮಿಕ್ಕ ಪಂದ್ಯಗಳಿಗಿಂತ ಹೆಚ್ಚೇನೂ ಬೇರೆಯಲ್ಲ. ದೊಡ್ಡ ಪಂದ್ಯದ ಆಟಗಾರ ಎಂದು ಯಾರೂ ಕೊಂಡಾಡದ ಬ್ಲೈಲೆವನ್ ಅಂಥ ಪಂದ್ಯಗಳಲ್ಲಿ ಐದು ಗೆದ್ದು ಒಂದು ಸೋತರು, ಇಆರ್‌ಎ 2.47. ಅವರ ಬಳಿಯೂ ಎರಡು ವರ್ಲ್ಡ್ ಸೀರೀಸ್ ಪ್ರಶಸ್ತಿಗಳಿದ್ದವು, 1979ರದು ಮತ್ತು 1987ರದು.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ಗೌರವ ಸಲ್ಲಬೇಕು. ಹೊಸ ಅಳತೆಗಳೇ ಪರಸ್ಪರ ಒಪ್ಪುವುದಿಲ್ಲವಲ್ಲ ಎಂಬುದು ಅದು. ಸುಲಭಕ್ಕೆ ಸಿಗುವ ಬದಲಿ ಆಟಗಾರನಿಗಿಂತ ಒಬ್ಬ ಆಟಗಾರ ತಂಡಕ್ಕೆ ಎಷ್ಟು ಹೆಚ್ಚು ಗೆಲುವಿನಷ್ಟು ಬೆಲೆ ತಂದ ಎಂದು ಅಂದಾಜಿಸುವ ಅಳತೆಗೆ ವಾರ್ ಎಂದು ಹೆಸರು. ಬೇಸ್‌ಬಾಲ್ ರೆಫರೆನ್ಸ್ ಜಾಲತಾಣ ಇದನ್ನು ಪಿಚರ್ ಕೊಟ್ಟ ರನ್ನುಗಳಿಂದ ಆರಂಭಿಸಿ, ಮೈದಾನ ಮತ್ತು ಫೀಲ್ಡಿಂಗ್‌ಗೆ ತಕ್ಕಂತೆ ತಿದ್ದಿ ಲೆಕ್ಕ ಹಾಕುತ್ತದೆ. ಫ್ಯಾನ್‌ಗ್ರಾಫ್ಸ್ ಜಾಲತಾಣ ಎಫ್‌ಐಪಿಯಿಂದ ಆರಂಭಿಸುತ್ತದೆ. ಮೊದಲನೆಯದರಲ್ಲಿ ಮಾರಿಸ್ ಸುಮಾರು 44, ಎರಡನೆಯದರಲ್ಲಿ ಸುಮಾರು 56. ಹನ್ನೆರಡರ ಅಂತರ ಸಣ್ಣದಲ್ಲ. ಆದ್ದರಿಂದ ವಾರ್‌ನ ದಶಮಾಂಶ ಹಿಡಿದು ಇಬ್ಬರು ಆಟಗಾರರ ನಡುವೆ ತೀರ್ಪು ಕೊಡುವವರನ್ನು ನಂಬಬೇಕಿಲ್ಲ. ಆದರೆ ಬ್ಲೈಲೆವನ್ ಒಂದು ಲೆಕ್ಕದಲ್ಲಿ 90ನ್ನೂ ಇನ್ನೊಂದರಲ್ಲಿ 100ನ್ನೂ ದಾಟುತ್ತಾರೆ. ಎರಡು ಬೇರೆ ದಾರಿ ಹಿಡಿದವರು ಒಂದೇ ಊರಿಗೆ ಬಂದು ಸೇರಿದರೆ, ಆ ಊರು ಇದೆ ಎಂದು ನಂಬಲು ಅಡ್ಡಿಯಿಲ್ಲ. ಗೆಲುವಿನ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ವಾರ್ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹುಡುಕಿ ತಿದ್ದಬಹುದು, ಗೆಲುವಿನ ಲೆಕ್ಕದಲ್ಲಿ ತಿದ್ದುಪಡಿಗೆ ಜಾಗವೇ ಇಲ್ಲ.

ಮತದಾರರು ನಿಧಾನವಾಗಿ ಬದಲಾದರು. 1990ರಲ್ಲಿ 27 ಪಂದ್ಯ ಗೆದ್ದ ಬಾಬ್ ವೆಲ್ಚ್‌ಗೆ ವರ್ಷದ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಕೊಟ್ಟು, 1.93 ಇಆರ್‌ಎ ಇದ್ದ ರೋಜರ್ ಕ್ಲೆಮೆನ್ಸ್‌ರನ್ನು ಕೈಬಿಟ್ಟಿದ್ದ ಪತ್ರಕರ್ತ ಸಮುದಾಯ, 2010ರಲ್ಲಿ 13 ಗೆದ್ದು 12 ಸೋತ ಸಿಯಾಟಲ್‌ನ ಫೆಲಿಕ್ಸ್ ಹೆರ್ನಾಂಡೆಸ್‌ಗೆ ಅದೇ ಪ್ರಶಸ್ತಿ ಕೊಟ್ಟಿತು. 2018ರಲ್ಲಿ ಬರೀ 10 ಗೆಲುವಿನ ಜೇಕಬ್ ಡಿಗ್ರಾಮ್‌ಗೆ 30ರಲ್ಲಿ 29 ಪ್ರಥಮ ಪ್ರಾಶಸ್ತ್ಯದ ಮತ ಬಿದ್ದವು. ಬ್ಲೈಲೆವನ್ 2011ರಲ್ಲಿ, ಹದಿನಾಲ್ಕನೆಯ ಪ್ರಯತ್ನದಲ್ಲಿ, ಶೇ 79.7 ಮತ ಪಡೆದು ಹಾಲ್ ಆಫ್ ಫೇಮ್ ಸೇರಿದರು. ಅವರ ಪರ ವರ್ಷಗಟ್ಟಲೆ ಅಂಕಿಅಂಶ ಮುಂದಿಟ್ಟು ವಾದಿಸಿದವರು ರಿಚ್ ಲೆಡರರ್. ಮಾರಿಸ್‌ಗೆ ಹದಿನೈದು ವರ್ಷವೂ ಪತ್ರಕರ್ತರ ಮತ ಸಾಲಲಿಲ್ಲ. 2017ರ ಡಿಸೆಂಬರ್‌ನಲ್ಲಿ ಸಮಿತಿಯೊಂದು ಅವರನ್ನು ಆರಿಸಿತು. ಅವರು ಅಲ್ಲಿರುವುದು ಅನ್ಯಾಯವೆಂದು ನನಗನಿಸುವುದಿಲ್ಲ. ಕೀರ್ತಿಗೆಂದು ಕಟ್ಟಿದ ಮನೆಯಲ್ಲಿ 1991ರ ಆ ರಾತ್ರಿಗೂ ಒಂದು ಮೂಲೆ ಇರಲಿ. ಅನ್ಯಾಯವಿದ್ದದ್ದು ಬ್ಲೈಲೆವನ್‌ಗಿಂತ ಮಾರಿಸ್ ದೊಡ್ಡ ಪಿಚರ್ ಎಂದು ಬಹುಕಾಲ ನಂಬಿದ್ದರಲ್ಲಿ.

ಹೊಸ ಅಳತೆಯನ್ನು ನಂಬುವವರಿಗೂ ಒಂದು ಪರೀಕ್ಷೆ ಇದೆ. ದುರ್ಬಲ ತಂಡದಲ್ಲಿ ಆಡಿ 169 ಗೆಲುವಿಗೆ ನಿಂತ ಹೆರ್ನಾಂಡೆಸ್ ಮೇಲೆ ಎಲ್ಲರಿಗೂ ಮರುಕವಿದೆ. ಆ 169 ಅವರ ಅನರ್ಹತೆಗೆ ಕಾರಣವಾಗಕೂಡದು. ಆದರೆ 33ನೆಯ ವಯಸ್ಸಿಗೆ ಮುಗಿದ ಅವರ ಆಟದ ವಾರ್ 50ರ ಆಸುಪಾಸಿನಲ್ಲಿದೆ, ಬ್ಲೈಲೆವನ್‌ಗೆ ಹತ್ತಿರವೂ ಇಲ್ಲ. ಮರುಕವಿದೆ ಎಂದು ಅಳತೆಗೋಲು ಬಗ್ಗಿಸಿದರೆ, ಮೆಚ್ಚುಗೆ ಇದೆ ಎಂದು ಮಾರಿಸ್‌ಗಾಗಿ ಬಗ್ಗಿಸಿದವರಿಗೂ ನಮಗೂ ವ್ಯತ್ಯಾಸ ಉಳಿಯದು. ಗೆಲುವಿನ ಪಟ್ಟಿ ದಾಖಲೆ ಪುಸ್ತಕದಲ್ಲಿರಲಿ, ತೀರ್ಪಿನ ಕಟ್ಟೆಗೆ ಬರುವುದು ಬೇಡ.