ದಾರಿಯ ಬದಿಯ ಸಾಕ್ಷಿಗಳು



ಸತ್ಯಮಂಗಲದಿಂದ ದಿಂಬಂ ಘಟ್ಟದ 27 ತಿರುವುಗಳನ್ನೇರಿ ನಮ್ಮ ತಾಳವಾಡಿ ಸೀಮೆಗೆ ಬರುವ ಪ್ರಯಾಣಿಕನು ದಾರಿಯುದ್ದಕ್ಕೂ ಕಲ್ಲುಗಳನ್ನು ಕಾಣುತ್ತಾನೆ. ಹಳದಿ ತಲೆಯ ಕಿಲೋಮೀಟರು ಕಲ್ಲು ಊರು ಎಷ್ಟು ದೂರವೆಂದು ಹೇಳುತ್ತದೆ. ಗಡಿಯ ಕಲ್ಲು ಯಾರ ಆಡಳಿತವೆಂದು ಹೇಳುತ್ತದೆ. ಇವೆರಡನ್ನೂ ಎಲ್ಲರೂ ಓದಬಲ್ಲರು. ಹೊಲದ ಬದುವಿನಲ್ಲಿಯೋ ಹುಣಿಸೆಮರದ ಬುಡದಲ್ಲಿಯೋ ಅರ್ಧ ಹೂತು ನಿಂತ ಹಳೆಯ ಕಲ್ಲಾದರೋ ಇಲ್ಲಿ ಯಾರು ಬಾಳಿದರು, ಏತಕ್ಕಾಗಿ ಮಡಿದರು ಎಂಬುದನ್ನು ಹೇಳುತ್ತದೆ. ಅದನ್ನು ಓದುವವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ.

ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಊರಿನ ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೂ ಕಲ್ಲುಂಟು. ಅರಸರ ಚರಿತ್ರೆಯಲ್ಲಿ ಹೆಸರಿಲ್ಲದ ಒಕ್ಕಲುಮಗನಿಗೆ ಆ ಕಲ್ಲೇ ಚರಿತ್ರೆ.

ದೊಡ್ಡವರ ಸಂಗತಿಯೂ ಇಲ್ಲದಿಲ್ಲ. ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಗಿರಿಯನ್ನು ಗೆದ್ದುದನ್ನು ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ ಸಾರುತ್ತದೆ. ಘಟ್ಟದ ಕೆಳಗೆ ಹೊಯ್ಸಳ ದಣ್ಣಾಯಕರ ಹೆಸರು ಹೊತ್ತಿದ್ದ ದಣ್ಣಾಯಕನಕೋಟೆಯು ಭವಾನಿಸಾಗರದ ಅಣೆಕಟ್ಟು 1955ರಲ್ಲಿ ಮುಗಿದ ಮೇಲೆ ನೀರಿನ ಪಾಲಾಯಿತು. ಜಲಾಶಯ ಬತ್ತಿದ ವರುಷಗಳಲ್ಲಿ ಅಲ್ಲಿನ ಗುಡಿ ತಲೆಯೆತ್ತುತ್ತದೆ. ಅದರ ಬಳಿಯ ಗಜ್ಜಲಹಟ್ಟಿ ಕಣಿವೆಯಿಂದಲೇ 1790ರಲ್ಲಿ ಟಿಪ್ಪುವಿನ ಸೈನ್ಯ ಇಳಿಯಿತು. ಆ ಹೆಸರಿನ 'ಹಟ್ಟಿ'ಯೇ ಅಲ್ಲಿ ಯಾವ ಮಾತು ಆಡುತ್ತಿದ್ದರೆಂಬುದಕ್ಕೆ ಸಾಕ್ಷಿ.

ರೈಸರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ಅವರ ಸಂಪುಟಗಳು ಮೈಸೂರು ಕೊಡಗುಗಳ ಎಲ್ಲೆಗೇ ನಿಂತವು. ನಮ್ಮ ಬೆಟ್ಟಗಳು ಆಗ ಮದರಾಸಿನ ಅಧೀನದಲ್ಲಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರನ್ನು ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಹೀಗೆ ನಮ್ಮ ಕಲ್ಲುಗಳು ಎರಡು ಮನೆಯ ನೆಂಟರಂತೆ ಉಪವಾಸವಿದ್ದವು.

ಆದರೆ ದೋಷವನ್ನೆಲ್ಲ ಸರಕಾರಗಳ ಮೇಲೆ ಹೊರಿಸಿ ನಾವು ಸುಮ್ಮನಿರಲಾಗದು. ಒಮ್ಮೆ ನಾವು ಮಕ್ಕಳೊಡನೆ ಹಳ್ಳದ ಕಡೆಗೆ ಹೋಗಿದ್ದಾಗ ಬಟ್ಟೆಯೊಗೆಯುವ ಚಪ್ಪಡಿಯನ್ನು ಹೊರಳಿಸಿ ನೋಡಿದೆವು. ಅಡಿಯಲ್ಲಿ ಕತ್ತಿ ಹಿಡಿದ ವೀರನಿದ್ದನು. ಪಕ್ಕದಲ್ಲಿ ಸವೆದ ಅಕ್ಷರಗಳ ಎರಡು ಸಾಲುಗಳಿದ್ದವು. ಅದನ್ನು ಮಗುಚಿ ಹಾಕಿದವರು ಹೊರಗಿನವರಲ್ಲ, ನಮ್ಮವರೇ. "ಗುರುಗಳೇ, ಇವನ ಹೆಸರೇನು?" ಎಂದು ಒಬ್ಬ ಬಾಲಕನು ಕೇಳಿದನು. ಉತ್ತರ ಕೊಡಲಾರದೆ ನಾವು ತಲೆತಗ್ಗಿಸಿದೆವು.

ಇನ್ನೊಂದು ಮಾತನ್ನು ಸಮಿತಿಯ ಮಿತ್ರರಿಗೆ ಅಪ್ರಿಯವಾದರೂ ಹೇಳಲೇಬೇಕಾಗಿದೆ. ಕಲ್ಲು ನಮ್ಮ ಪರವಾಗಿ ನುಡಿದಾಗ ಎತ್ತಿ ಹಿಡಿಯುವುದು, ಅನ್ಯ ಲಿಪಿಯಲ್ಲಿದ್ದರೆ ಮರೆಮಾಡುವುದು ನ್ಯಾಯವಲ್ಲ. ಚಾಮರಾಜನಗರ, ಕೊಳ್ಳೇಗಾಲ ಸೀಮೆಗಳಲ್ಲಿ ತಮಿಳು ಶಾಸನಗಳೂ ಉಂಟು. ಅವನ್ನು ಅಲ್ಲಿ ಕಾಪಾಡಿರೆಂದು ನಾವು ಹೇಳಿದರೆ ಮಾತ್ರ ಇಲ್ಲಿಯ ಕನ್ನಡ ಕಲ್ಲನ್ನು ಕಾಪಾಡಿರೆಂದು ಕೇಳುವ ಬಾಯಿ ನಮಗಿರುತ್ತದೆ. ಸುಳ್ಳು ಬೆರೆಸಿದ ಹಕ್ಕಿನ ಮಾತು ಮೊದಲ ವಿಚಾರಣೆಯಲ್ಲಿಯೇ ಬಿದ್ದುಹೋಗುವುದು.

ಆದುದರಿಂದ ಪ್ರತಿಯೊಂದು ಊರಿನವರೂ ತಮ್ಮ ಎಲ್ಲೆಯೊಳಗಿನ ಕಲ್ಲುಗಳನ್ನು ಎಣಿಸಲಿ. ಇರುವ ಸ್ಥಳ, ಎತ್ತರ, ಚಿತ್ರ, ಅಕ್ಷರ ಇವನ್ನು ಶಾಲೆಯ ಒಂದು ಪುಸ್ತಕದಲ್ಲಿ ಬರೆದಿಡಲಿ; ಛಾಯಾಚಿತ್ರ ತೆಗೆಯಲಿ. ಎಣ್ಣೆ, ಸುಣ್ಣ, ಬಣ್ಣ ಬಳಿಯುವುದು ಬೇಡ. ಬಿದ್ದುದನ್ನು ತಾವೇ ಅಗೆದು ಸಾಗಿಸದೆ ಪುರಾತತ್ವ ಇಲಾಖೆಗೆ ತಿಳಿಸಲಿ. ರಸ್ತೆ ಅಗಲವಾಗುವಾಗ ಊರಿನ ಹಿರಿಯರು ಎದುರು ನಿಂತು ಕಲ್ಲಿನ ಗುರುತು ಹೇಳಲಿ.

ಇವೆಲ್ಲಕ್ಕಿಂತ ಮುಖ್ಯವಾದುದು ಅಕ್ಷರ. ತಮಿಳುನಾಡಿನ 2006ರ ಕಾನೂನು ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿತು. ನೆಲದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅದಕ್ಕೆ ನಮ್ಮ ವಿರೋಧವಿಲ್ಲ. ಅದರೊಡನೆ ಮನೆಯ ಭಾಷೆಯನ್ನೂ ಓದಿ ಬರೆಯಲು ಅವಕಾಶವಿರಬೇಕೆಂಬುದಷ್ಟೇ ನಮ್ಮ ಬೇಡಿಕೆ. ಸರಕಾರ ಕೊಡುವವರೆಗೆ ಕಾಯದೆ ಸಂಜೆಯ ಹೊತ್ತು ಜಗುಲಿಯ ಮೇಲೆ ಕನ್ನಡ ಕಾಗುಣಿತ ಹೇಳಿಕೊಡುವುದು ತಂದೆತಾಯಿಗಳ ಕೈಯಲ್ಲಿಯೇ ಇದೆ.

ಒಂದು ತಲೆಮಾರು ಅಕ್ಷರ ಮರೆತರೆ, ಎಂಟುನೂರು ವರುಷ ಮಳೆಗಾಳಿ ತಡೆದ ಶಾಸನವೂ ಬರಿಯ ಒಗೆಯುವ ಕಲ್ಲಾಗುತ್ತದೆ. ಹಳ್ಳದ ಬಳಿ ಆ ಬಾಲಕನು ಕೇಳಿದ ಪ್ರಶ್ನೆಗೆ ಮುಂದೊಂದು ದಿನ ಅವನೇ ಓದಿ ಉತ್ತರ ಹೇಳುವಂತಾಗಲಿ.