ಕೆಸರು ಬಳಿದು ಹಾಕುವ ಮುನ್ನ



2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಸೇರಿದ ಫೆಂಗಲ್ ಚಂಡಮಾರುತ, ಕಡಲಿನಿಂದ ಇಷ್ಟು ದೂರದಲ್ಲಿರುವ ನಮ್ಮ ಕೃಷ್ಣಗಿರಿ ಜಿಲ್ಲೆಯನ್ನು ಕಾಡೀತೆಂದು ನಾವು ಎಣಿಸಿರಲಿಲ್ಲ. ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಊತ್ತಂಗರೆಯಲ್ಲಿ 50 ಸೆಂಟಿಮೀಟರ್ ಮಳೆ ಬಿತ್ತು. ಜಿಲ್ಲೆಯಲ್ಲಿ ವರ್ಷವಿಡೀ ಬೀಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದಿನಕ್ಕೆ ಸುರಿಯಿತು. ಕೆರೆ ಕೋಡಿ ಹರಿದು, ಬಸ್ ನಿಲ್ದಾಣದ ಬಳಿ ನಿಲ್ಲಿಸಿದ್ದ ವ್ಯಾನು ಕಾರುಗಳು ಕೊಚ್ಚಿಹೋದವು.

ಅದಾದ ಮೇಲೆ ಆ ಕಡೆಯ ರೈತರೊಬ್ಬರನ್ನು ಕಂಡೆ. ಬಹಳ ಅಚ್ಚುಕಟ್ಟಿನ ಮನುಷ್ಯ. ನೀರು ಇಳಿದ ಮಾರನೆಯ ದಿನವೇ ಮನೆಯ ಕೆಸರು ಬಳಿದು, ಸತ್ತ ಹಸುವನ್ನು ಹೂತು, ಕೊಳೆತ ರಾಗಿ ತೆನೆಯನ್ನು ತಿಪ್ಪೆಗೆ ಹಾಕಿದ್ದರು. ಲೆಕ್ಕ ಬರೆಯುವವರು ಬಂದಾಗ ತೋರಿಸಲು ಏನೂ ಉಳಿದಿರಲಿಲ್ಲ. "ಕಚೇರಿ ಮುಂದೆ ಕೈಯೊಡ್ಡಿ ನಿಲ್ಲೋದು ನನಗೆ ಆಗೋಲ್ಲ ಸ್ವಾಮಿ" ಎಂದರು. ಅವರ ಮಾನದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಭಿಕ್ಷೆಯಲ್ಲ, ಹಕ್ಕಿನ ಹಣ. ನಮ್ಮವರು ಕಳೆದುಕೊಳ್ಳುವುದು ಪರಿಹಾರ ಇಲ್ಲವೆಂದಲ್ಲ, ಪಟ್ಟಿಯಲ್ಲಿ ಹೆಸರು ಬೀಳದೆ ಎಂಬುದೇ ನನ್ನ ಅನಿಸಿಕೆ.

ಆ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿದ ದರ ನೋಡಿ. ಬೆಳೆ ಹಾನಿ ಶೇಕಡ 33ಕ್ಕೆ ಮೇಲ್ಪಟ್ಟರೆ ಹೆಕ್ಟೇರಿಗೆ ನೀರಾವರಿ ಭತ್ತಕ್ಕೆ 17,000 ರೂಪಾಯಿ, ಮಾವಿನಂಥ ಬಹುವಾರ್ಷಿಕ ಬೆಳೆಗೆ 22,500, ಖುಷ್ಕಿ ಬೆಳೆಗೆ 8,500. ಹಸು, ಎಮ್ಮೆ ಸತ್ತರೆ 37,500, ಕುರಿ, ಮೇಕೆಗೆ 4,000, ಕೋಳಿಗೆ 100. ಗುಡಿಸಲು ಹಾಳಾದರೆ 10,000. ಖುಷ್ಕಿ ರಾಗಿಗೆ ಎಕರೆಗೆ ಸುಮಾರು 3,400 ಆಯಿತು. ಉತ್ತು ಬಿತ್ತಿ ಕಳೆ ಕಿತ್ತ ಕೂಲಿಗೇ ಸಾಲದು, ನಿಜ. ಆದರೂ ಹಸು ಕಳೆದುಕೊಂಡ ವಿಧವೆಗೆ 37,500 ಎಂದರೆ ಮತ್ತೊಂದು ಕರುವಿಗೆ ದಾರಿ.

ಆದ್ದರಿಂದ ಕೆಸರು ಬಳಿಯುವ ಮುನ್ನ ಫೋಟೋ ತೆಗೆಸಿ. ಗೋಡೆಯ ಮೇಲೆ ನೀರು ನಿಂತ ಗುರುತು, ಹೊಲ, ಸತ್ತ ದನದ ಕಿವಿಯ ಓಲೆ ಎಲ್ಲವೂ ಕಾಣಬೇಕು. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ದನ ಸತ್ತರೆ ಮೊದಲು ಪಶುವೈದ್ಯರಿಂದ ಸರ್ಟಿಫಿಕೇಟು, ಆಮೇಲೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು. ಕೊಳೆಯುವ ದನವನ್ನು ದಿನಗಟ್ಟಲೆ ಇಟ್ಟುಕೊಳ್ಳಲಾಗದು, ಹಾಗಾಗಿ ತಡಮಾಡದೆ 1962ಕ್ಕೆ ಫೋನು ಮಾಡಿ; ಅದು ಪಶು ಆಂಬುಲೆನ್ಸಿನ ನಂಬರು. ಜಿಲ್ಲಾ ವಿಪತ್ತು ಸಹಾಯವಾಣಿ 1077. ಬೆಳೆ ವಿಮೆ ಕಟ್ಟಿದವರು ಹಾನಿಯಾದ 72 ಗಂಟೆಯೊಳಗೆ 14447ಕ್ಕೆ ತಿಳಿಸಬೇಕು. ಕುಯ್ದು ಹೊಲದಲ್ಲೇ ಒಣಗಲು ಬಿಟ್ಟ ಫಸಲು 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕಿದರೂ ಆ ವಿಮೆಯಲ್ಲಿ ಜಾಗವಿದೆ. ನಿಮ್ಮ ಬೆಳೆಗೆ ಅದು ಅನ್ವಯಿಸುತ್ತದೆಯೇ ಎಂದು ಕಂತು ಕಟ್ಟುವಾಗಲೇ ಕೇಳಿಕೊಳ್ಳಿ.

ಈಗ ಒಂದು ಕಹಿ ಮಾತು. ಪರಿಹಾರ ಪಟ್ಟಾ ಯಾರ ಹೆಸರಿನಲ್ಲಿದೆಯೋ ಅವರ ಕಡೆಗೇ ಹರಿಯುತ್ತದೆ. ನಮ್ಮಲ್ಲಿ ವಾರಕ್ಕೆ, ಗುತ್ತಿಗೆಗೆ ಬಾಯಿಮಾತಿನಲ್ಲಿ ಹೊಲ ಮಾಡುವವರು ಎಷ್ಟು ಮಂದಿ! ಬೀಜ ಗೊಬ್ಬರ ಅವರದು, ಸಾಲವೂ ಅವರದು, ಹಣ ಮಾತ್ರ ಬೆಂಗಳೂರಿನಲ್ಲಿರುವ ಮಾಲೀಕರ ಖಾತೆಗೆ. ಹೊಲ ವಾರಕ್ಕೆ ಕೊಟ್ಟವರು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾರೆ. ಬಿತ್ತಿದವರು ಇವರೇ ಎಂದು ಒಂದು ಚೀಟಿ ಬರೆದುಕೊಡಿ. ಅದನ್ನು ಕಚೇರಿ ಒಪ್ಪದಿದ್ದರೆ, ನಿಮ್ಮ ಖಾತೆಗೆ ಬಂದದ್ದನ್ನು ಅವರ ಕೈಗೆ ಮುಟ್ಟಿಸಿ. ಈ ಮಾತಿಗೆ ಕೆಲವರು ನನ್ನ ಮೇಲೆ ಮುನಿಸಿಕೊಳ್ಳಬಹುದು, ಚಿಂತೆಯಿಲ್ಲ.

ಭಾಷೆಯದೂ ಒಂದು ತೊಡಕು. ಅರ್ಜಿಯೆಲ್ಲ ತಮಿಳಿನಲ್ಲಿ, ಮನೆಮಾತು ಕನ್ನಡವಾದ ನಮ್ಮ ಹಿರಿಯರು ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಾರೆ. ತಮಿಳು ಶಾಲೆಯಲ್ಲಿ ಓದಿದ ಯುವಕ ಯುವತಿಯರು ಬೀದಿಗೆ ಇಬ್ಬರಂತೆ ಕುಳಿತು ಬರೆದುಕೊಟ್ಟರೆ ಎಷ್ಟೋ ಮನೆಗಳು ಉಳಿಯುತ್ತವೆ.

ಆರೋಗ್ಯದ ವಿಷಯ. ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಚ್ಚೆಯನ್ನೂ ಹೊತ್ತು ನಮ್ಮ ಹೊಸೂರಿಗೆ ಬರುತ್ತದೆ. ಕೆಲವರಪಳ್ಳಿ ಅಣೆಯ ನೊರೆಯನ್ನು ಎಲ್ಲರೂ ಕಂಡಿದ್ದೀರಿ. ಪ್ರವಾಹದ ನೀರು ಬಾವಿಗೆ ನುಗ್ಗಿದ್ದರೆ ಅದನ್ನು ಹೊರಗೆ ಪಂಪು ಮಾಡಿಸಿ, ಹೊಸ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಬ್ಲೀಚಿಂಗ್ ಪುಡಿ ಹಾಕಿ ಒಂದು ಗಂಟೆ ಬಿಡಬೇಕು. ಕುಡಿಯುವುದು ಕುದಿಸಿದ ನೀರನ್ನೇ. ಕೆಸರಿನಲ್ಲಿ ಓಡಾಡಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿದರೆ ಅದು ಇಲಿಜ್ವರ ಇರಬಹುದು. ಮಾತ್ರೆ ಅಂಗಡಿಗೆ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೆಸರು ತುಳಿದಿದ್ದನ್ನು ಡಾಕ್ಟರಿಗೆ ಹೇಳಿ. ಬೂಷ್ಟು ಹಿಡಿದ ರಾಗಿ ಹುಲ್ಲನ್ನು ದನಕ್ಕೆ ಹಾಕಬೇಡಿ. ಅದರ ವಿಷ ಹಾಲಿಗೂ ಇಳಿಯುತ್ತದೆ.

ಹಿಂಗಾರು ಜೋರಾಗುವ ಮುನ್ನ ಪಟ್ಟಾ, ಚಿಟ್ಟಾ, ಅಡಂಗಲ್, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕುಗಳ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಇನ್ನೊಂದು ಪ್ರತಿಯನ್ನು ಎತ್ತರದ ಬೀದಿಯಲ್ಲಿರುವ ನೆಂಟರ ಮನೆಯಲ್ಲಿಡಿ.